ಮೊದಲ ಪಾಠದ ಮಾವನವರು

ಮಕ್ಕಳೇ, ನಿಮ್ಮ ಮುತ್ತಜ್ಜನಿಗೆ, ಅಂದರೆ ನನ್ನ ಮಾವನವರಿಗೆ, ಲೋಕದ ಅರ್ಧ ಭಾಷೆಗಳು ಬರುತ್ತಿದ್ದವು. ಫ್ರೆಂಚ್, ಜರ್ಮನ್, ಇಟಾಲಿಯನ್, ಅರಬ್ಬಿ, ಒಂದಿಷ್ಟು ರಷ್ಯನ್ ಕೂಡ. ಭಾಷೆಗಳಷ್ಟೇ ಅಲ್ಲ, ಇತಿಹಾಸ, ತತ್ತ್ವಶಾಸ್ತ್ರ, ಸಾಹಿತ್ಯ ಯಾವುದನ್ನೂ ಅವರು ಬಿಟ್ಟವರಲ್ಲ. ಇಷ್ಟೊಂದು ಕಲಿತ ಮನುಷ್ಯ ಆಗ ನೈರೋಬಿಯಲ್ಲೇ ಇನ್ನೊಬ್ಬರಿರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಒಂದೇ ಒಂದು ಸಣ್ಣ ಕೊರತೆ ಎಂದರೆ, ಇವುಗಳಲ್ಲಿ ಯಾವುದರಲ್ಲೂ ಅವರಿಗೆ ಎರಡನೆಯ ಪಾಠ ಬರುತ್ತಿರಲಿಲ್ಲ!

ನಗಬೇಡಿ. ಇದಕ್ಕೆ ಕಾರಣವಿತ್ತು. ಊರ ನಡುವೆ ದೊಡ್ಡವರಿಗೆಂದೇ ಒಂದು ಸಂಜೆ ಕಾಲೇಜು ಇತ್ತು. ಕೆಲಸ ಮುಗಿಸಿ ಬಂದ ಗುಮಾಸ್ತರು, ಎಂಬಕಸಿ ವಿಮಾನ ನಿಲ್ದಾಣದಲ್ಲಿ ಸಾಮಾನು ಇಳಿಸುವವರು, ರುಂಡಾದ ದೊಡ್ಡ ಬಂಗಲೆಗಳ ಬಿಳಿಯ ಹೆಂಗಸರು, ಅವರ ಕಾರು ಓಡಿಸುವ ಡ್ರೈವರುಗಳು, ಎಲ್ಲರೂ ಅಲ್ಲಿಗೆ ಬಂದು ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಆ ಕಾಲೇಜಿನಲ್ಲಿ ಒಂದು ಒಳ್ಳೆಯ ಪದ್ಧತಿ. ಟರ್ಮಿನ ಮೊದಲ ವಾರ ಯಾರು ಬೇಕಾದರೂ ಯಾವ ಕ್ಲಾಸಿನಲ್ಲಿ ಬೇಕಾದರೂ ಕೂತು ನೋಡಬಹುದು. ಹಿಡಿಸಿದರೆ ಫೀಸು ಕಟ್ಟಿ ಸೇರಬಹುದು, ಇಲ್ಲದಿದ್ದರೆ ನಮಸ್ಕಾರ ಹೇಳಿ ಎದ್ದು ಬರಬಹುದು. ರೈಲ್ವೆ ಗುಮಾಸ್ತಿಕೆಯಿಂದ ನಿವೃತ್ತರಾಗಿದ್ದ ನಮ್ಮ ಮಾವನವರಿಗೆ ಇದು ಹೇಗೋ ಗೊತ್ತಾಯಿತು. ಅಲ್ಲಿಂದ ಮುಂದೆ ಪ್ರತಿ ಟರ್ಮಿನ ಮೊದಲ ವಾರ ಅವರು ಮನೆಯಲ್ಲಿ ಕಂಡವರೇ ಅಲ್ಲ. ಕಪ್ಪು ಕೋಟು, ಕಪ್ಪು ಟೋಪಿ, ಕೈಯಲ್ಲಿ ಕೊಡೆ, ಜೇಬಿನಲ್ಲಿ ನಾನು ಕರಿದ ಕೋಡುಬಳೆ. ಒಂದು ಕ್ಲಾಸಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ವಾರ ಮುಗಿದ ಮೇಲೆ ಮುಂದಿನ ಟರ್ಮಿನವರೆಗೆ ಅತ್ತ ತಲೆ ಹಾಕುತ್ತಿರಲಿಲ್ಲ.

ಕಾಲೇಜಿನ ಕಚೇರಿಯಲ್ಲಿ ಕೂರುತ್ತಿದ್ದ ಹೆಂಗಸು ಅವರನ್ನು ಗೌರವದಿಂದ 'ಮ್ಜೆ' ಎನ್ನುತ್ತಿದ್ದಳು. ಇಲ್ಲಿಯ ಭಾಷೆಯಲ್ಲಿ ಹಿರಿಯರೇ ಎಂದಂತೆ. ಮ್ಜೆ ಈ ಸಲವಾದರೂ ಯಾವುದಕ್ಕಾದರೂ ಸೇರುತ್ತೀರಾ ಎಂದು ಅವಳು ಕೇಳುವುದು, ಬದನೆಕಾಯಿಯನ್ನು ಒತ್ತಿ ನೋಡದೆ ಕೊಳ್ಳುತ್ತಾರೇನಮ್ಮ ಎಂದು ಇವರು ಹೇಳುವುದು, ಪ್ರತಿ ಟರ್ಮಿನಲ್ಲೂ ನಡೆಯುತ್ತಿತ್ತಂತೆ. ಇವರು ವರ್ಷಗಟ್ಟಲೆ ಒತ್ತಿ ನೋಡಿದ್ದೇ ಬಂತು, ಒಂದು ಬದನೆಕಾಯಿಯೂ ಮನೆಗೆ ಬರಲಿಲ್ಲ.

ಇಂಥ ವಿದ್ಯೆಯಿಂದ ಮನೆಯವರಿಗೆ ಏನು ಕಷ್ಟ ಎನ್ನುತ್ತೀರಾ? ತತ್ತ್ವಶಾಸ್ತ್ರದ ಮೊದಲ ಪಾಠ ಕೇಳಿ ಬಂದ ವಾರ ಅವರು ಊಟಕ್ಕೆ ಕೂತವರೇ ಮೇಜನ್ನು ಬೆರಳಿನಿಂದ ತಟ್ಟಿ, "ಇದು ನಿಜವಾಗಿ ಇದೆಯೇನೋ?" ಎಂದು ಮಗನನ್ನು ಕೇಳಿದರು. ನಿಮ್ಮ ಅಜ್ಜ ತಟ್ಟೆಯಿಂದ ತಲೆ ಎತ್ತದೆ, "ಇದೆ ಅಪ್ಪ. ಅದರ ಮೇಲೆ ಸಾರು ತಣ್ಣಗಾಗ್ತಾ ಇದೆ, ಅದೂ ನಿಜ" ಎಂದರು. ಮೇಜು ಇದೆ ಎಂದು ಎರಡನೆಯ ಪಾಠದಲ್ಲಿ ತೀರ್ಮಾನವಾಗಿರಬಹುದು. ನಮಗಂತೂ ತಿಳಿಯಲಿಲ್ಲ.

ಸಾಹಿತ್ಯದಲ್ಲೂ ಹಾಗೆಯೇ. ಎಷ್ಟೋ ದೊಡ್ಡ ಕಾದಂಬರಿಗಳ ಮೊದಲ ಅಧ್ಯಾಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಯಾರು ಯಾರನ್ನು ಮದುವೆಯಾದರು, ಯಾರು ಸತ್ತರು, ಅದು ಮಾತ್ರ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಎಲ್ಲರೂ ಇನ್ನೂ ಚೆನ್ನಾಗಿಯೇ ಇದ್ದರು.

ಇನ್ನು ಫ್ರೆಂಚ್! ಸೌತ್ ಸಿ ಬಡಾವಣೆಯಲ್ಲಿ ನಮ್ಮ ಎದುರು ಮನೆಗೆ ಬುರುಂಡಿಯಿಂದ ಒಂದು ಸಂಸಾರ ಬಂತು. ಅವರದು ಫ್ರೆಂಚ್ ಎಂದು ತಿಳಿದದ್ದೇ ತಡ, ಮಾವನವರು ಟೋಪಿ ಸರಿಮಾಡಿಕೊಂಡು ಹೊರಟರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಗೇಟಿನಲ್ಲಿ ನಿಂತು ತಮ್ಮ ಹೆಸರು ಹೇಳಿದರು, ಅವರ ಹೆಸರು ಕೇಳಿದರು, ಕೊಡೆಯಿಂದ ತೋರಿಸಿ ಇದು ಕಿಟಕಿ ಎಂದರು, ಇದು ಬಾಗಿಲು ಎಂದರು. ಪಾಪ, ಆ ಮನೆಯ ಯಜಮಾನನಿಗೆ ಈ ಊರಿನಲ್ಲಿ ತನ್ನ ಭಾಷೆ ಆಡುವವರು ಮೊದಲ ಬಾರಿ ಸಿಕ್ಕಿದ್ದರೋ ಏನೋ, ಇವರ ಎರಡೂ ಕೈ ಹಿಡಿದುಕೊಂಡು ಮಾತಾಡಿದ್ದೇ ಮಾತಾಡಿದ್ದು. ಇವರು ಎಲ್ಲವನ್ನೂ ಗಂಭೀರವಾಗಿ ಕೇಳಿ, ಶುಭದಿನ ಎಂದು ಹೇಳಿ ಮನೆಗೆ ಬಂದುಬಿಟ್ಟರು. ಅಲ್ಲಿಂದ ಮುಂದೆ ಮಾವನವರು ಓಡಾಡಿದ್ದು ಹಿತ್ತಿಲ ಗೇಟಿನಿಂದ.

ಇವನ್ನೆಲ್ಲ ಹೇಳುತ್ತ ನನ್ನ ವಿಷಯವನ್ನು ಹಿಂದಕ್ಕೆ ಹಾಕುತ್ತಿದ್ದೇನೆ. ಹೇಳಲೇಬೇಕು.

ನಾನು ಕೃಷ್ಣರಾಜಪೇಟೆ ಕಡೆಯ ಹಳ್ಳಿಯವಳು. ಏಳನೆಯ ತರಗತಿವರೆಗೆ ಕನ್ನಡ ಶಾಲೆ. ನಮ್ಮ ಕಡೆ ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವಂತಿಲ್ಲ. ಬಾಗಿಲ ಹಿಂದೆ ನಿಲ್ಲಬೇಕು, ಹೇಳುವುದೇನಿದ್ದರೂ ಇನ್ನೊಬ್ಬರ ಮೂಲಕ ಹೇಳಬೇಕು. ಮದುವೆಯಾಗಿ ಸಮುದ್ರ ದಾಟಿ ಬಂದೆನಲ್ಲ, ಸೀರೆ ಕುಪ್ಪಸದ ಜೊತೆಗೆ ಇದನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡೇ ಬಂದಿದ್ದೆ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ನನಗೂ ಮಾವನವರಿಗೂ ನಡುವೆ ಇದ್ದ ಅಂಚೆಯಣ್ಣ ನಿಮ್ಮ ಅಜ್ಜ ಒಬ್ಬರೇ. ಮಾವನವರು ಮೂರು ಮೊಳ ದೂರದಲ್ಲಿ ಕೂತಿದ್ದರೂ ನಾನು ಗಂಡನಿಗೆ ಹೇಳಬೇಕು: "ನಿಮ್ಮ ತಂದೆಯವರಿಗೆ ಇನ್ನೊಂದು ದೋಸೆ ಬೇಕಾ ಕೇಳಿ." ಅವರು ಮಗನಿಗೆ ಹೇಳಬೇಕು: "ಸಾಕು ಅಂತ ಹೇಳು." ನಿಮ್ಮ ಅಜ್ಜನೋ ಮಹಾ ತುಂಟರು. ಕೊಟ್ಟ ಕಾಗದವನ್ನು ಕೊಟ್ಟ ಹಾಗೆ ಮುಟ್ಟಿಸುವ ಅಂಚೆಯಣ್ಣನಲ್ಲ. "ಅಪ್ಪ, ನೀವು ದೋಸೆ ತಿನ್ನೋದು ನೋಡಿ ಅವಳಿಗೆ ಭಯವಾಗ್ತಿದೆಯಂತೆ" ಎಂದುಬಿಡುತ್ತಿದ್ದರು. ನಾನು ಬಾಗಿಲ ಹಿಂದೆ ನಾಚಿಕೆಯಿಂದ ಸಾಯುತ್ತಿದ್ದೆ.

ಮದುವೆಯಾದ ಒಂಬತ್ತನೆಯ ವರ್ಷ ನಿಮ್ಮ ಅಜ್ಜ ಹೋಗಿಬಿಟ್ಟರು. ಬೆಳಿಗ್ಗೆ ಆಫೀಸಿಗೆ ಹೊರಟವರು, ಎದೆನೋವು ಎಂದರಂತೆ, ಅಷ್ಟೇ. ನಿಮ್ಮ ಅಮ್ಮ ಆಗ ಸಣ್ಣ ಹುಡುಗಿ.

ಊಟಬಟ್ಟೆಗೆ ನಮಗೆ ತೊಂದರೆ ಇರಲಿಲ್ಲ. ಮನೆ ಮಾವನವರದೇ, ಪಿಂಚಣಿ ಬರುತ್ತಿತ್ತು. ಆದರೆ ಮನೆಯಲ್ಲಿ ಅಂಚೆ ನಿಂತುಹೋಯಿತು. ಮಗಳು ಮನೆಯಲ್ಲಿದ್ದಾಗ ಹೇಗೋ ಅವಳ ಮೂಲಕ ನಡೆಯುತ್ತಿತ್ತು. ಅವಳು ಶಾಲೆಗೆ ಹೋದ ಮೇಲೆ? ಕಾಫಿಯಾಯಿತು ಎನ್ನಲು ಲೋಟವನ್ನು ಒಮ್ಮೆ ಕುಟ್ಟುತ್ತಿದ್ದೆ. ಊಟ ಎನ್ನಲು ತಟ್ಟೆ ಸದ್ದು ಮಾಡುತ್ತಿದ್ದೆ. ಅವರು ಕೆಮ್ಮಿದರೆ ಬಂದೆ ಎಂದು ಅರ್ಥ, ಎರಡು ಸಲ ಕೆಮ್ಮಿದರೆ ಈಗ ಬೇಡ ಎಂದು. ಒಂದು ವಾರ ಅವರಿಗೆ ನೆಗಡಿಯಾದಾಗ ನಾನು ಪಟ್ಟ ಪಾಡು ಕೇಳಬೇಡಿ!

ಒಂದು ದಿನ ಅವರು ಹಗ್ಗದಿಂದ ತೆಗೆದುಕೊಂಡ ಕೋಟನ್ನು ಹಾಗೆಯೇ ಹಾಕಿಕೊಂಡು ಪೇಟೆಗೆ ಹೊರಟರು. ಬೆನ್ನಿನ ಮೇಲೆ ಬಟ್ಟೆಯ ಕ್ಲಿಪ್ಪು ಎರಡು, ರೆಕ್ಕೆಯ ಹಾಗೆ. ನಾನು ನೋಡಿದೆ. ಹೇಗೆ ಹೇಳುವುದು? ಲೋಟ ಕುಟ್ಟಿದೆ. ಈಗಷ್ಟೇ ಕುಡಿದೆನಲ್ಲ ಎನ್ನುವ ಹಾಗೆ ಎರಡು ಸಲ ಕೆಮ್ಮಿ ಹೊರಟೇ ಹೋದರು. ಬ್ಯಾಂಕು, ಅಂಚೆಕಚೇರಿ ಎಲ್ಲ ಕಡೆ ಹಾಗೆಯೇ ಓಡಾಡಿ, ಕೊನೆಗೆ ಬರುವಾಗ ಮಟಾಟು ಎಂಬ ಸಣ್ಣ ಬಸ್ಸಿನ ಕಂಡಕ್ಟರು ಕ್ಲಿಪ್ಪು ತೆಗೆದು ಕೈಗೆ ಕೊಟ್ಟನಂತೆ. ಸಂಜೆ ಮಗಳಿಗೆ ಅವರು ಇದನ್ನು ಹೇಳುವಾಗ ನನಗೆ ನಗು ಬಂತು, ಆಮೇಲೆ ಯಾಕೋ ಅಳು ಬಂತು.

ವರ್ಷದ ಕಾರ್ಯ ಮುಗಿಯಿತು. ಊರಿನಿಂದ ನನ್ನ ಅಣ್ಣ ಟ್ರಂಕ್ ಕಾಲ್ ಮಾಡಿ, ಡಿಸೆಂಬರಿನಲ್ಲಿ ಬಂದು ತಾಯಿ ಮಗಳನ್ನು ಕರೆದುಕೊಂಡು ಹೋಗುವುದಾಗಿ ಮಾವನವರಿಗೆ ತಿಳಿಸಿದ. ಅವನದು ತಪ್ಪಲ್ಲ. ಇಂಗ್ಲಿಷ್ ಕೇಳಿದರೆ ಅರ್ಥವಾಗುವ ಆದರೆ ಆಡಲು ಬಾರದ, ಸ್ವಾಹಿಲಿಯಲ್ಲಿ ಸೊಪ್ಪು ಟೊಮೇಟೊ ಬಿಟ್ಟು ಮತ್ತೇನೂ ಗೊತ್ತಿಲ್ಲದ ತಂಗಿ ಪರದೇಶದಲ್ಲಿ ಏನು ಮಾಡುತ್ತಾಳೆ? ಅಣ್ಣನ ಮನೆಯಲ್ಲಿ ನನಗೆ ಒಂದು ಮೂಲೆ ಸಿಗುತ್ತಿತ್ತು. ಆ ಮೂಲೆಯಲ್ಲೇ ನಾನು ಮುದುಕಿಯಾಗುತ್ತಿದ್ದೆ ಎಂದೂ ನನಗೆ ಗೊತ್ತಿತ್ತು. ಮಗಳ ಶಾಲೆ ಇಲ್ಲಿ. ಅವಳ ಅಪ್ಪ ಓಡಾಡಿದ ರಸ್ತೆಗಳು ಇಲ್ಲಿ. ನನಗೆ ಹೋಗಲು ಮನಸ್ಸಿರಲಿಲ್ಲ. ಆದರೆ ಒಲ್ಲೆ ಎನ್ನುವುದನ್ನು ಯಾರ ಮೂಲಕ ಹೇಳಿಸುವುದು? ಲೋಟವನ್ನು ಎಷ್ಟು ಸಲ ಕುಟ್ಟಿದರೆ ಒಲ್ಲೆ ಎಂದಾಗುತ್ತದೆ?

ಪಕ್ಕದ ಮನೆಯಲ್ಲಿ ಮಂಗಳೂರಿನ ಕ್ರಿಶ್ಚಿಯನ್ ಡಾಕ್ಟರ ಹೆಂಡತಿ ಇದ್ದರು, ಬಹಳ ಒಳ್ಳೆಯವರು. ನನ್ನ ಮನಸ್ಸು ಅವರಿಗೆ ಮಾತ್ರ ತಿಳಿದಿತ್ತು. "ಟೈಪಿಂಗ್ ಕಲಿ ಮಾರಾಯ್ತಿ. ಒಂದು ಕೆಲಸ ಸಿಕ್ಕಿದ್ರೆ ನಿನ್ನನ್ನು ಯಾರು ಕರ್ಕೊಂಡು ಹೋಗ್ತಾರೆ?" ಎಂದರು. ಈ ಮಾತನ್ನು ಅವರೇ ಮಾವನವರಿಗೂ ಮುಟ್ಟಿಸಿದರು. ಮಾವನವರು "ಟೈಪಿಂಗಲ್ಲಿ ಬೆರಳು ಮಾತಾಡತ್ತೆ. ಬೆರಳಿಗೇನು, ಈಗಲೂ ಮಾತಾಡ್ತಾ ಇದೆಯಲ್ಲ" ಎಂದು ಅಡುಗೆಮನೆಯ ಲೋಟದ ಕಡೆ ನೋಡಿದರು.

ಸೆಪ್ಟೆಂಬರಿನಲ್ಲಿ ಹೊಸ ಟರ್ಮು. ಆ ಸೋಮವಾರ ಸಂಜೆ ಮಾವನವರು ಕೋಟು ಹಾಕಿಕೊಂಡು, ಗೋಡೆಯ ಮೇಲಿನ ಕ್ಯಾಲೆಂಡರಿನ ಮುಂದೆ ನಿಂತು, ಅದಕ್ಕೆ ಸ್ಪಷ್ಟವಾಗಿ ಹೀಗೆ ಹೇಳಿದರು: "ನಾನು ಕಾಲೇಜಿಗೆ ಹೊರಟೆ. ಮಗು ಪಕ್ಕದ ಮನೇಲಿ ಇರತ್ತೆ, ಹೇಳಿದ್ದೀನಿ. ಬರೋರು ಚಪ್ಪಲಿ ಹಾಕ್ಕೊಂಡು ಬರಬಹುದು." ಕ್ಯಾಲೆಂಡರಂತೂ ಬರುವ ಹಾಗಿರಲಿಲ್ಲ. ನಾನೇ ಚಪ್ಪಲಿ ಹಾಕಿಕೊಂಡೆ.

ಆ ವಾರ ನಾನು ಕಂಡ ವಿದ್ಯೆಗಳೆಷ್ಟು! ಮಾವನವರು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಅವರು ಮೊದಲ ಬೆಂಚು, ನಾನು ಕೊನೆಯ ಬೆಂಚು. ಕ್ಲಾಸು ಹೇಗಿದೆ ಎಂದು ಅಳೆಯಲು ಅವರ ಬಳಿ ಇದ್ದದ್ದು ಒಂದೇ ಅಳತೆಗೋಲು, ಕೋಡುಬಳೆ. ಪಾಠ ಚೆನ್ನಾಗಿದ್ದರೆ ಅದು ಜೇಬಿನಲ್ಲೇ ಇರುತ್ತಿತ್ತು. ಬೇಸರವಾದರೆ ಹೊರಗೆ ಬರುತ್ತಿತ್ತು. ತತ್ತ್ವಶಾಸ್ತ್ರದಲ್ಲಿ ಎರಡು ಹೋದವು. ಇತಿಹಾಸದ ಮೇಷ್ಟ್ರು ಒಬ್ಬರು ಇಲ್ಲಿಯ ಕಿಕುಯು ಜನದ ತೆಳ್ಳಗಿನ ಮನುಷ್ಯ, ಮೆಲ್ಲಗೆ ಮಾತಾಡುವವರು, ಬೋರ್ಡಿನ ಮೇಲೆ ಚಿತ್ರ ಬರೆದು ಬರೆದು ಹೇಳುತ್ತಿದ್ದರು. ಆದಿಮಾನವರು ಕಲ್ಲಿಗೆ ಕಲ್ಲು ಹೊಡೆದು ಆಯುಧ ಮಾಡುವುದನ್ನು ಅವರು ವಿವರಿಸುತ್ತಿದ್ದಾಗ ಮಾವನವರು ಕೋಡುಬಳೆ ಕಡಿದರು. ಆ ಮೌನದಲ್ಲಿ ಅದೆಂಥ ಸದ್ದು! ಇಡೀ ಕ್ಲಾಸು ತಿರುಗಿ ನೋಡಿತು. ಮೇಷ್ಟ್ರು ಬೇಸರಪಡದೆ, ಹೌದು, ಸರಿಸುಮಾರು ಇದೇ ಸದ್ದು ಎಂದರು.

ಮಾವನವರಿಗೆ ಈ ಪಾಠ ಬಾಯಿಪಾಠವಾಗಿತ್ತು, ಅದಕ್ಕೇ ಬೇಸರ. ನನಗೆ ಹಾಗಲ್ಲ. ಮೇಷ್ಟ್ರು ಒಂದು ಗುಹೆ ಬರೆದರು, ಹೊರಗೆ ಕತ್ತಲೆ ಬರೆದರು, ಮಕ್ಕಳನ್ನು ತಬ್ಬಿಕೊಂಡು ಕೂತ ಹೆಂಗಸೊಬ್ಬಳನ್ನು ಬರೆದರು. ಅವರ ಬಳಿ ಬೆಂಕಿ ಇರಲಿಲ್ಲ ಎಂದು ಹೇಳಿ ಆ ದಿನದ ಪಾಠ ಮುಗಿಸಿಬಿಟ್ಟರು. ಅಲ್ಲ, ಹೀಗೆ ಯಾರಾದರೂ ನಿಲ್ಲಿಸುತ್ತಾರೆಯೇ? ಮನೆಗೆ ಬಂದು ಒಲೆ ಹಚ್ಚುವಾಗಲೂ ನನಗೆ ಅದೇ ಚಿಂತೆ.

ಕೊನೆಯ ದಿನ ಸ್ವಾಹಿಲಿ ಕ್ಲಾಸು. ಟೀಚರು ದಪ್ಪಗಿನ, ನಗುಮುಖದ ಹೆಂಗಸು. ಒಬ್ಬೊಬ್ಬರನ್ನಾಗಿ ಹೆಸರು ಕೇಳುತ್ತಾ ಬಂದರು. ನನ್ನ ಸರದಿ ಬರುವುದು ಕಂಡು ನಾನು ಮೊದಲ ಬೆಂಚಿನ ಕಡೆ ನೋಡಿದೆ. ಮಾವನವರು ಹೇಳುತ್ತಾರೆ, ನನ್ನ ಪರವಾಗಿ ಯಾವಾಗಲೂ ಯಾರಾದರೂ ಹೇಳಿದ್ದಾರಲ್ಲ. ಅವರು ಮಾಡಿದ್ದೇನು ಗೊತ್ತೇ? ಟೋಪಿ ತೆಗೆದುಕೊಂಡು, ಕೊಡೆ ತೆಗೆದುಕೊಂಡು, ಎದ್ದು ಹೊರಗೆ ಹೋಗಿಬಿಟ್ಟರು!

ಇಡೀ ಕ್ಲಾಸು ನನ್ನನ್ನೇ ನೋಡುತ್ತಿತ್ತು. ನನ್ನ ಪಕ್ಕ ರುಂಡಾದ ಬಿಳಿಯ ಹೆಂಗಸೊಬ್ಬಳು ಕೂತಿದ್ದಳು. ತನ್ನ ಹೆಸರನ್ನೇ ಅವಳು ಬಾಯೊಳಗೆ ಮತ್ತೆ ಮತ್ತೆ ಹೇಳಿ ನೋಡಿಕೊಳ್ಳುತ್ತಿದ್ದುದನ್ನು ಆಗ ಕಂಡೆ. ಅಷ್ಟು ದೊಡ್ಡ ಬಂಗಲೆಯವಳಿಗೂ ಭಯವೇ! ನಾನು ನನ್ನ ಹೆಸರು ಹೇಳಿದೆ. ಕರಿಬು, ಅಂದರೆ ಬಾಮ್ಮ ಒಳಗೆ, ಎಂದು ಟೀಚರು ಕೈಚಾಚಿದರು. ಅಷ್ಟು ಜನರ ನಡುವೆ ನನ್ನ ಹೆಸರನ್ನು ನಾನೇ ಹೇಳಿದ್ದು ಹಳ್ಳಿಯ ಶಾಲೆ ಬಿಟ್ಟ ಮೇಲೆ ಅದೇ ಮೊದಲು.

ಹೊರಗೆ ಮಾವನವರು ಕಾರಿಡಾರಿನ ಕಂಬದ ಹತ್ತಿರ ನಿಂತಿದ್ದರು. ಕಂಬಕ್ಕೆ ಹೇಳಿದರು: "ಯಾವುದಕ್ಕೆ ಸೇರೋದು?" ನಾನು ನೆಲಕ್ಕೆ ಹೇಳಿದೆ: "ಸ್ವಾಹಿಲಿ. ಆಮೇಲೆ ಆ ಬೆಂಕಿಯ ಕ್ಲಾಸು." ಕಚೇರಿಯ ಹೆಂಗಸು ಫೀಸು ತೆಗೆದುಕೊಳ್ಳುವಾಗ, ಮ್ಜೆ ಅಂತೂ ಬದನೆಕಾಯಿ ಕೊಂಡರು ಎಂದು ಎದ್ದು ನಿಂತು ಕೈಕುಲುಕಿದಳು. ಪಕ್ಕದ ಮನೆಯವರು ಮಾತ್ರ ಹಣೆ ಚಚ್ಚಿಕೊಂಡರು. ಸ್ವಾಹಿಲಿಯಾದರೂ ಇರಲಿ, ಆದಿಮಾನವರನ್ನು ಕಲಿತವಳಿಗೆ ಯಾವ ಆಫೀಸಿನಲ್ಲಿ ಕೆಲಸ ಕೊಡುತ್ತಾರೆ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ!

ಮುಂದಿನ ವಾರ ಮಾವನವರೂ ಜೊತೆಗೆ ಬರುತ್ತಾರೆಂದು ನಾನು ತಿಳಿದಿದ್ದೆ. ಎರಡನೆಯ ಪಾಠಕ್ಕೆ ತಾವು ಹೋಗುವ ಪದ್ಧತಿಯಿಲ್ಲ ಎಂದು ಅವರು ಕ್ಯಾಲೆಂಡರಿಗೆ ತಿಳಿಸಿ ಪೇಪರು ಹಿಡಿದು ಕೂತರು. ಒಬ್ಬಳೇ ಮಟಾಟು ಹತ್ತಿದೆ, ಒಬ್ಬಳೇ ಬಂದೆ. ಬಂದಾಗ ಮಾವನವರು ಹಜಾರದಲ್ಲಿರಲಿಲ್ಲ. ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡು ಕೂತಿದ್ದರು. ಕ್ಯಾಲೆಂಡರಿನ ಕಡೆ ನೋಡಲಿಲ್ಲ.

"ಬೆಂಕಿ ಸಿಕ್ತಾ?"

ನಾನು ಒಲೆಯ ಕಡೆ ತಿರುಗಿದೆ. "ಸಿಕ್ತಂತೆ."

"ಯಾರಿಗೆ?"

"ಯಾರಿಗೆ ಅಂತ ಗೊತ್ತಿಲ್ವಂತೆ. ಸಿಡಿಲು ಬಡಿದ ಮರದಿಂದ ತಂದಿರಬಹುದು ಅಂದ್ರು."

"ಆಮೇಲೆ?"

ಮಾವನವರ ಇತಿಹಾಸದಲ್ಲಿ ಅಲ್ಲಿಯವರೆಗೆ ಯಾರೂ ಬೆಂಕಿ ಕಂಡವರಲ್ಲ ನೋಡಿ! ಆಮೇಲೆ ಎಂಬ ಆ ಒಂದು ಮಾತಿಗೆ ಉತ್ತರ ಹೇಳುತ್ತ ಹೇಳುತ್ತ ಅನ್ನ ತಳ ಹತ್ತಿತು. ಆ ದಿನದಿಂದ ಹರಿಕಥೆ ಕೇಳುವವರ ಹಾಗೆ ಅವರು ಬಾಗಿಲಲ್ಲಿ ಕೂರುವುದು, ನಾನು ಹೇಳುವುದು. ಮೊದಲು ಒಲೆಗೆ ಹೇಳುತ್ತಿದ್ದೆ. ಪಾಠದಲ್ಲಿ ಜನ ಗೋಧಿ ಬಿತ್ತುವ ಹೊತ್ತಿಗೆ ಅರ್ಧ ತಿರುಗಿದ್ದೆ. ಈಜಿಪ್ಟಿನವರು ಗೋರಿ ಕಟ್ಟುವಾಗ ಮೇಜಿನ ಎದುರು ಕೂತಿದ್ದೆ. ಅಷ್ಟು ಕಲ್ಲನ್ನು ಅವರು ಹೇಗೆ ಎತ್ತಿದರು ಎಂದು ಮಾವನವರಿಗೂ ನನಗೂ ಜಗಳವೇ ಆಯಿತು.

ಸ್ವಾಹಿಲಿಯಲ್ಲೂ ಬಿಡಲಿಲ್ಲ. ಅವರದು ಜೀವಮಾನವಿಡೀ ಸಂತೆಯಲ್ಲಿ ಆಡಿ ಕಲಿತ ಸ್ವಾಹಿಲಿ, ನನ್ನದು ಟೀಚರು ಕಲಿಸಿದ ಶುದ್ಧ ಸ್ವಾಹಿಲಿ. ಒಂದು ದಿನ ಧೈರ್ಯ ಮಾಡಿ ಅವರ ತಪ್ಪು ತಿದ್ದಿದೆ. ಮರುದಿನ ಅವರು ತರಕಾರಿಯವಳ ಬಳಿ ನಾನು ಹೇಳಿಕೊಟ್ಟ ಹಾಗೆಯೇ ಆಡಿದರಂತೆ. ಅವಳು ತಕ್ಕಡಿ ಕೆಳಗಿಟ್ಟು, ಮ್ಜೆ, ಮೈ ಹುಷಾರಿಲ್ಲವೇ ಎಂದು ಕೇಳಿದಳಂತೆ!

ಡಿಸೆಂಬರ್ ಬಂತು. ಅಣ್ಣನೂ ಬಂದ. ಹಜಾರದಲ್ಲಿ ಮಾವನವರ ಎದುರು ಕೂತ. ನಾನು ಕಾಫಿ ಕೊಟ್ಟು ಬಂದು ಬಾಗಿಲ ಹಿಂದೆ ನಿಂತೆ. ಅಣ್ಣನ ಎದುರಿಗೆ ನನ್ನ ಹಳೆಯ ಜಾಗಕ್ಕೇ ಕಾಲು ತಾನಾಗಿ ಹೋಗಿತ್ತು.

"ಯಜಮಾನ್ರೇ, ಟಿಕೆಟ್ ಮಾತಾಡಿದ್ದೀನಿ. ನೀವು ಹ್ಞೂಂ ಅಂದ್ರೆ ಕರ್ಕೊಂಡು ಹೊರಡ್ತೀನಿ" ಎಂದ ಅಣ್ಣ.

ಮಾವನವರು ಹ್ಞೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕುರ್ಚಿಯಲ್ಲೇ ತಿರುಗಿ, "ಬಾಮ್ಮ ಇಲ್ಲಿ. ನಿಮ್ಮಣ್ಣ ನಿನ್ನನ್ನ ಏನೋ ಕೇಳ್ತಿದ್ದಾರೆ" ಎಂದರು.

ಅವರು ಎದ್ದು ಹೊರಗೆ ಹೋಗಿಬಿಡುತ್ತಾರೆಂದು ಭಯವಾಯಿತು. ಈ ಸಲ ಅವರು ಏಳಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ಪೇಪರು ತೆಗೆದು ಜಾಗ ಮಾಡಿದರು. ನಾನು ಬಂದೆ. ಕೂತೆ. ಮಾವನ ಪಕ್ಕದಲ್ಲಿ ತಂಗಿ ಕೂತದ್ದು ನೋಡಿ ಅಣ್ಣನ ಕೈಯ ಕಾಫಿ ಅಲ್ಲೇ ನಿಂತಿತು.

"ನಾನು ಬರಲ್ಲ ಅಣ್ಣ" ಎಂದೆ.

"ಯಾಕೆ? ಇಲ್ಲಿ ನಿನಗೇನಿದೆ?"

ಹೇಳಬೇಕಾದ ದೊಡ್ಡ ಮಾತುಗಳೆಲ್ಲ ಆ ಹೊತ್ತಿಗೆ ಮರೆತುಹೋಗಿದ್ದವು. ಬಾಯಿಗೆ ಬಂದದ್ದನ್ನು ಹೇಳಿದೆ. "ಮಗಳ ಶಾಲೆ ಇದೆ. ನನಗೂ ಜನವರಿಯಿಂದ ಕ್ಲಾಸಿದೆ. ರೋಮ್ ಇನ್ನೂ ಬಿದ್ದಿಲ್ಲ."

ಅಣ್ಣ ಮಾವನವರ ಮುಖ ನೋಡಿದ. ಮಾವನವರು ಬಹಳ ಗಂಭೀರವಾಗಿ ತಲೆಯಾಡಿಸಿ, "ನಿಜ. ಅದು ಬೀಳೋವರೆಗೂ ಕಳಿಸೋಕಾಗಲ್ಲ" ಎಂದರು.

ಅಣ್ಣ ಒಳ್ಳೆಯವನು. ಎರಡು ದಿನ ಮುಖ ಊದಿಸಿಕೊಂಡಿದ್ದ, ಮೂರನೆಯ ದಿನ ಸಿಂಹ ನೋಡಲು ಹೋದ. ಕೀನ್ಯಾದ ಚಹಾಪುಡಿ ಕಟ್ಟಿಕೊಂಡು, ನಿಮ್ಮ ಅಮ್ಮನ ತಲೆ ಸವರಿ ಹೊರಟ. ಮುಂದೆ ನಾನು ಅದೇ ಕಾಲೇಜಿನ ಪುಸ್ತಕದ ಕೋಣೆಯಲ್ಲಿ ಕೆಲಸಕ್ಕೆ ಸೇರಿದ್ದು, ಆ ಸಂಬಳದಲ್ಲಿ ನಿಮ್ಮ ಅಮ್ಮನನ್ನು ಓದಿಸಿದ್ದು, ಇವೆಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಅಣ್ಣನನ್ನು ವಿಮಾನ ಹತ್ತಿಸಿದ ಆ ಮಧ್ಯಾಹ್ನದ ಮಾತು.

ಎಂಬಕಸಿಯಲ್ಲಿ ಬಸ್ಸಿಗೆ ಕಾಯುತ್ತ ಒಂದು ಸಿಮೆಂಟಿನ ಕಟ್ಟೆಯ ಮೇಲೆ ಕೂತಿದ್ದೆವು. ನನ್ನ ಮನಸ್ಸು ತುಂಬಿತ್ತು. "ಮಾವ, ಎಲ್ಲರೂ ಟೈಪಿಂಗ್ ಅಂದ್ರು. ನೀವು ಯಾಕೆ ನನ್ನನ್ನ ಆ ಕ್ಲಾಸುಗಳಿಗೆ ಕರ್ಕೊಂಡು ಹೋದ್ರಿ?" ಎಂದು ಕೇಳಿದೆ.

ಅವರು ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು.

"ಅವನು ಹೇಳ್ತಿದ್ದ" ಎಂದರು. "ಅಪ್ಪ, ನೀವು ಅವಳ ಮಾತು ಕೇಳಿಲ್ಲ, ಮಾತಾಡೋಕೆ ಶುರು ಮಾಡಿದ್ರೆ ಹೊಟ್ಟೆ ಹುಣ್ಣಾಗೋ ಹಾಗೆ ನಗಿಸ್ತಾಳೆ ಅಂತ. ನಾನು ನಂಬಿರಲಿಲ್ಲ. ಅಷ್ಟು ವರ್ಷ ಒಂದೇ ಮನೇಲಿದ್ವಿ, ನಿನ್ನ ದನಿ ಹೇಗಿದೆ ಅಂತಲೇ ನಂಗೆ ಸರಿಯಾಗಿ ಗೊತ್ತಿರಲಿಲ್ಲ. ಅವನು ಹೋದ. ಅವನು ಕೇಳ್ತಿದ್ದಿದ್ದನ್ನ ನಾನೂ ಒಂದ್ಸಲ ಕೇಳ್ಬೇಕು ಅನ್ನಿಸ್ತು ಕಣಮ್ಮ."

ಒಂದು ವಿಮಾನ ನಮ್ಮ ತಲೆಯ ಮೇಲೆ ಹಾದುಹೋಯಿತು.

"ಅವನಿಗೆ ಏನು ಹೇಳಿ ನಗಿಸ್ತಿದ್ದೆ?" ಎಂದು ಕೇಳಿದರು.

ನಾನು ಸೆರಗಿನ ತುದಿ ಹಿಡಿದುಕೊಂಡೆ. "ನಿಮ್ಮ ಬಗ್ಗೇನೇ ಮಾವ."

ಅವರು ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಬಸ್ಸು ಬರುವುದು ಇನ್ನೂ ತಡವಿತ್ತು.

"ಹಾಗಾದ್ರೆ ಅದನ್ನೇ ಹೇಳು" ಎಂದರು.